ತಂಗಿಗಾಗಿ ಇಳಿಸಿದ ತೂಕ

ನನ್ನ ಕಿಡ್ನಿ ತಂಗಿಗೆ ಹೊಂದುತ್ತದೆ, ಆದರೆ ಇಷ್ಟು ದಪ್ಪ ಇರುವವರಿಂದ ಕಿಡ್ನಿ ತೆಗೆಯುವುದು ಅಪಾಯ, ತೂಕ ಇಳಿಸಿಕೊಂಡು ಬನ್ನಿ ಎಂದರು ಡಾಕ್ಟರು. ಶ್ರೀನಿವಾಸಪುರದ ಕಡೆ ಮದುವೆಯಾಗಿದ್ದ ತಂಗಿ ಡಯಾಲಿಸಿಸ್‌ಗೆ ಕೋಲಾರಕ್ಕೆ ಓಡಾಡುತ್ತಿದ್ದಳು. "ಅಕ್ಕಾ, ನೀನು ತಿಂದಿದ್ದೆಲ್ಲ ನನ್ನ ತಲೆ ಮೇಲೆ ಬಂತು ನೋಡು" ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಆಸ್ಪತ್ರೆಯವರು ಹೇಳಿಕೊಟ್ಟಿದ್ದು ಇಷ್ಟೇ: ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರೊಳಗೆ ಊಟ, ಉಳಿದ ಹೊತ್ತು ಬರೀ ನೀರು. ನಾನು ವಕ್ಕಲೇರಿ ಹತ್ತಿರದ ನಮ್ಮೂರ ಡೇರಿಯಲ್ಲಿ ಬೆಳಗ್ಗೆ ಹಾಲು ಅಳೆಯುವವಳು. ಕಾಫಿ ಬೇಡ ಅಂದರೆ ಸಾಕು, "ಏನಕ್ಕಾ, ಶುಗರ್ ಬಂತಾ?" ಎಂದು ಹಾಲು ಹಾಕಲು ಬಂದವರದು ಶುರು. "ಹೂಂ, ನಿಮಗೂ ಅರ್ಧ ಲೀಟರ್ ಕೊಡ್ಲಾ?" ಎನ್ನುತ್ತಿದ್ದೆ. ಮೊದಲು ಎಲ್ಲರ ಮೇಲೂ ಹರಿಹಾಯ್ದೆ. ಆಮೇಲೆ ಹಸಿವೂ ಹೋಯಿತು, ಸಿಟ್ಟೂ ಹೋಯಿತು. ಬಳೆಗಳು ಸಡಿಲವಾದವು.

ಇಳಿಯುತ್ತಿದ್ದ ತೂಕ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ತಿನ್ನುತ್ತಿದ್ದುದು ಒಂದು ಮುದ್ದೆ, ಸೊಪ್ಪಿನ ಸಾರು, ಸಂಜೆ ಮಜ್ಜಿಗೆ. ತಿಂಗಳುಗಟ್ಟಲೆ ಅಷ್ಟೇ. ಅತ್ತ ತಂಗಿ ದಿನೇದಿನೇ ಸೋಲುತ್ತಿದ್ದಳು.

ಒಂದು ದಿನ ಡೇರಿಯಿಂದ ಬೇಗ ಬಂದೆ. ಅಮ್ಮ ಮುದ್ದೆ ತಿರುವುತ್ತಾ ಹಿಟ್ಟಿಗೆ ಸೌಟಿನಲ್ಲಿ ತುಪ್ಪ ಸುರಿಯುತ್ತಿದ್ದಳು.

"ಯಾವತ್ತಿಂದ ಇದು?"

ಅಮ್ಮ ತಿರುಗಿ ನೋಡಲಿಲ್ಲ. "ಅವಳು ಕಣ್ಮುಂದೆ ಸವೆದು ಹೋಗ್ತಾ ಅವ್ಳೆ. ನೀನೂ ಒಣಗ್ತಾ ಇದ್ದೀಯ. ಇಬ್ಬರನ್ನೂ ನೋಡ್ಕೊಂಡು ನಾನು ಸುಮ್ನೆ ಕೂತ್ಕೋಬೇಕೇನೇ?"

"ನಿಂಗೆ ಬುದ್ಧಿಗಿದ್ಧಿ ಐತೇನಮ್ಮಾ?" ಎಂದು ಕಿರುಚಿದೆ. ತುಪ್ಪದ ಡಬ್ಬಿಯನ್ನು ಹಿತ್ತಲಿಗೆ ಎಸೆದೆ.

ಅಂದಿನಿಂದ ನನ್ನದನ್ನು ನಾನೇ ಬೇಯಿಸಿಕೊಂಡೆ. ತೂಕ ಮತ್ತೆ ಇಳಿಯಿತು. ಇನ್ನೇನು ಡಾಕ್ಟರು ಹೇಳಿದಷ್ಟಕ್ಕೆ ಬಂದೆ ಅನ್ನುವಾಗ ತಂಗಿಗೆ ಜ್ವರ ಹತ್ತಿತು. ರಕ್ತಕ್ಕೆ ಸೋಂಕು ಎಂದರು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟಳು. ನಾನು ಅತ್ತೆನೋ ಇಲ್ಲವೋ, ನೆನಪಿಲ್ಲ.

ತಿಥಿ ಮುಗಿದ ಮೇಲೂ ಮಧ್ಯಾಹ್ನದವರೆಗೆ ಏನೂ ತಿನ್ನುತ್ತಿರಲಿಲ್ಲ. ವ್ರತವೂ ಅಲ್ಲ, ದುಃಖವೂ ಅಲ್ಲ. ತಿನ್ನಬೇಕು ಅನ್ನಿಸುತ್ತಿರಲಿಲ್ಲ, ಅಷ್ಟೇ. ಡಾಕ್ಟರು ಕೇಳಿದ್ದಕ್ಕಿಂತ ತೆಳ್ಳಗಾದೆ. "ಹೆಂಗಕ್ಕಾ ಇಳಿಸ್ದೆ, ನಮಗೂ ಹೇಳ್ಕೊಡು" ಎಂದು ಡೇರಿಯ ಹೆಂಗಸರು ಕೇಳಿದರು. ಹೇಳಿಕೊಟ್ಟೆ.

ಅವರೆಕಾಯಿ ಕಾಲ. ಒಂದು ಬೆಳಗ್ಗೆ ಡೇರಿಯಿಂದ ಬಂದಾಗ ಅಮ್ಮ ಕಾಯಿ ಸುಲಿಯುತ್ತಾ ಕೂತಿದ್ದಳು. ಮುಖ ಎತ್ತದೆ ಕೇಳಿದಳು:

"ನಾನು ಆ ತುಪ್ಪ ಹಾಕ್ದೆ ಇದ್ದಿದ್ರೆ ಅವಳು ಉಳೀತಿದ್ಲೇನೇ?"

ನನಗೆ ಗೊತ್ತಿರಲಿಲ್ಲ. ಇವತ್ತಿಗೂ ಗೊತ್ತಿಲ್ಲ.

"ಇಲ್ಲಮ್ಮಾ" ಎಂದೆ. "ತಿಂಡಿ ಏನು ಮಾಡಿದ್ದೀಯ? ಹಾಕ್ಕೊಡು."

ಇನ್ನೂ ಒಂಬತ್ತು ಗಂಟೆಯೂ ಆಗಿರಲಿಲ್ಲ. ಅಮ್ಮ ಎದ್ದು ಒಳಗೆ ಹೋಗಿ ತಟ್ಟೆ ತುಂಬ ಉಪ್ಪಿಟ್ಟು ತಂದಿಟ್ಟಳು. ಅವಳು ಎದುರಿಗೆ ಕೂತಿದ್ದಳು. ಅಷ್ಟನ್ನೂ ತಿಂದೆ.