ಮಾತ್ರೆಯ ವಾಂತಿ

ನನಗೆ ಪಿಸಿಓಎಸ್. ಮುಟ್ಟು ತಿಂಗಳುಗಟ್ಟಲೆ ಬರುವುದಿಲ್ಲ, ಮಗುವೂ ಆಗಿರಲಿಲ್ಲ. ಇಂದಿರಾನಗರದ ಡಾಕ್ಟರು ಸಕ್ಕರೆ ಕಾಯಿಲೆಯವರು ನುಂಗುವ ಮೆಟ್‌ಫಾರ್ಮಿನ್ ಬರೆದುಕೊಟ್ಟರು. "ಇನ್ಸುಲಿನ್ ಸರಿಯಾಗಿ ಕೆಲ್ಸ ಮಾಡಿದ್ರೆ ಮುಟ್ಟೂ ಸರಿಹೋಗ್ಬಹುದು, ಮಗುವಾಗೋಕೂ ಅನುಕೂಲ. ಮೊದಮೊದಲು ಹೊಟ್ಟೆ ತೊಳಸುತ್ತೆ," ಎಂದು ನನಗೂ ಗಂಡನಿಗೂ ಹೇಳಿದರು.

ತೊಳಸಿತು. ಜೀವನ್ ಬಿಮಾ ನಗರದ ಗಂಡನ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವಳು ಬಚ್ಚಲಿಗೆ ಓಡಿ ವಾಂತಿ ಮಾಡಿದೆ. ಮದುವೆಯಾದಾಗಿನಿಂದ ಒಂದು ಲೋಟ ನೀರೂ ಕೈಗೆ ಕೊಡದ ಅತ್ತೆ ಹಿಂದೆಯೇ ಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು, ನಿಂಬೆಹಣ್ಣಿನ ಪಾನಕ ತಂದಿಟ್ಟು ಬೆನ್ನು ಸವರತೊಡಗಿದರು.

"ಪಾತ್ರೆ ಬಿಡಮ್ಮ, ನಾನ್ ತೊಳೀತೀನಿ. ಎಷ್ಟು ತಿಂಗಳು?"

ಒಂದೇ ವಾಂತಿಗೆ ನಾನು ಆ ಮನೆಯಲ್ಲಿ ಮನುಷ್ಯಳಾಗಿಬಿಟ್ಟಿದ್ದೆ! ಎಲ್ಲ ಗೊತ್ತಿದ್ದ ಗಂಡ ಮೊಬೈಲಿನಿಂದ ತಲೆ ಎತ್ತಲಿಲ್ಲ. ನಾನೇ ಹೇಳಬೇಕಾಯಿತು.

"ಬಸುರಿ ಅಲ್ಲ ಅತ್ತೆ. ಮಾತ್ರೆಯಿಂದ ಹೀಗಾಗ್ತಿದೆ."

ಬೆನ್ನ ಮೇಲಿನ ಕೈ ನಿಂತಿತು. ಹೊಟ್ಟೆ ತೊಳಸುವುದು ನಿಂತಿರಲಿಲ್ಲ.

"ಹಾಗಾದ್ರೆ ಪಾತ್ರೆ ಮುಗಿಸ್ಬಿಡು, ಒಣಗೋಗುತ್ತೆ," ಎಂದವರು ನಾನಿನ್ನೂ ಮುಟ್ಟದಿದ್ದ ಪಾನಕವನ್ನು ಎತ್ತಿ ಮಗನಿಗೆ ಕೊಟ್ಟರು.

ಅವನು ಗಟಗಟ ಕುಡಿದ. ಎದ್ದುಬಂದು, ಖಾಲಿ ಲೋಟವನ್ನು ನಾನು ತೊಳೆಯುತ್ತಿದ್ದ ಸಿಂಕಿಗೆ ಹಾಕಿ ಹೋದ.