ಆಚಾರ್ರು ತಗ್ಗಿಸಿದ ಪಿಕಪ್

ಆಚಾರ್ರ ಬೆನ್ನಿನ ಮೇಲೆ ಯಾವಾಗಲೂ ಮಣ್ಣಿರುತ್ತಿತ್ತು. ಎದುರಿನಿಂದ ನೋಡಿದರೆ ಒಗೆದ ಅಂಗಿ, ಬಾಚಿದ ತಲೆ, ಹಣೆಯಲ್ಲಿ ಕುಂಕುಮ. ತಿರುಗಿದರೆ ಹೆಗಲಿನಿಂದ ಸೊಂಟದವರೆಗೆ ಕೆಂಪು ಮಣ್ಣು. ಮದುವೆ ಮನೆಯ ಪಂಕ್ತಿಯಲ್ಲಿ ಕೂತಿದ್ದರೂ ಹಿಂದಿನಿಂದಲೇ ಅವರನ್ನು ಗುರುತಿಸಬಹುದಿತ್ತು. ಹಗಲೆಲ್ಲ ಗಾಡಿಗಳ ಕೆಳಗೆ ಅಂಗಾತ ಮಲಗಿ ರಿಪೇರಿ ಮಾಡುವ ಕಮ್ಮಾರರ ಬೆನ್ನು ಇನ್ನು ಹೇಗಿರುತ್ತದೆ? “ಎಲ್ರಿಗೂ ನಿಂತ್ಕಂಡು ಮಾಡೋ ಕೆಲ್ಸ ಕೊಟ್ಟ ದೇವ್ರು, ನಂಗೆ ಮಲಿಕ್ಕಂಡು ಮಾಡೋದು ಕೊಟ್ಟ. ಆದ್ರೂ ನಿದ್ದೆ ಮಾತ್ರ ಕೊಡ್ನಿಲ್ಲ ಕಣವ್ವ,” ಎನ್ನುತ್ತಿದ್ದರು.

ಅರವತ್ತರ ದಶಕದ ಮೊದಲಲ್ಲಿ ನಾನು ಹೆರಿಗೆ ನರ್ಸಾಗಿ ಹನೂರಿಗೆ ಬಂದೆ. ಯಳಂದೂರು ಕಡೆಯ ಹೊನ್ನೂರಿನವಳು. ಗದ್ದೆ, ತೆಂಗು ನೋಡಿ ಬೆಳೆದವಳಿಗೆ ಆ ಒಣ ಊರು ಮೊದಲ ತಿಂಗಳಲ್ಲೇ ಸಾಕಾಗಿ ಹೋಯಿತು. ಸಾಕು ಸಾಕು ಎನ್ನುತ್ತಲೇ ಹದಿನಾಲ್ಕು ವರ್ಷ ಅಲ್ಲೇ ಇದ್ದೆ, ಅದು ಬೇರೆ ಮಾತು. ಕೈಮೀರಿದ ಹೆರಿಗೆಗಳನ್ನು ಕೊಳ್ಳೇಗಾಲದ ಆಸ್ಪತ್ರೆಗೆ ಸಾಗಿಸಬೇಕಿತ್ತು. ಅದಕ್ಕೆ ಸಿಗುತ್ತಿದ್ದ ವಾಹನ ಒಂದೇ: ರಾಗಿ ವ್ಯಾಪಾರದ ಸಾಹುಕಾರರ ಹಳೆಯ ಪಿಕಪ್. ಎರಡನೆಯ ಮಹಾಯುದ್ಧದ ಕಾಲದ ಗಾಡಿ. ಹಿಂದಿನ ಮಾಲೀಕ ಕಾಡಿನಿಂದ ಮರ ಹೊರಿಸುತ್ತಿದ್ದವನು. ಭಾರ ತಡೆಯಲೆಂದು ಹಿಂಬದಿಗೆ ಹೆಚ್ಚು ಸ್ಪ್ರಿಂಗ್ ಪಟ್ಟೆಗಳನ್ನು ಕೂಡಿಸಿ, ನಡುವೆ ಮರದ ದಿಮ್ಮಿ ಇಟ್ಟು ಎತ್ತರಿಸಿದ್ದ. ಮೂಟೆ ತುಂಬಿದರೆ ಸಾಧುವಾಗಿ ಹೋಗುತ್ತಿತ್ತು. ಖಾಲಿಯಿದ್ದರೆ ಜಲ್ಲಿ ರಸ್ತೆಯ ಒಂದೊಂದು ಕಲ್ಲಿಗೂ ಹೋರಿಯ ಹಾಗೆ ಒದೆಯುತ್ತಿತ್ತು. ಸಾಹುಕಾರರು ಅದರ ಸ್ಟೇರಿಂಗನ್ನು ಬೇರೆಯವರಿಗೆ ಮುಟ್ಟಗೊಡುತ್ತಿರಲಿಲ್ಲ. ಗೊಣಗುತ್ತಲೇ ತಾವೇ ಓಡಿಸುತ್ತಿದ್ದರು.

ಮೊದಲ ವರ್ಷವೇ ಹತ್ತಿರದ ಶಾಗ್ಯ ಹಳ್ಳಿಯ ಕಡೆಯ ಒಬ್ಬ ಬಸುರಿಯನ್ನು ಅದರಲ್ಲಿ ಕರೆದೊಯ್ದೆ. ಎದೆಮಟ್ಟದ ಎತ್ತರಕ್ಕೆ ಅವಳನ್ನು ಹತ್ತಿಸುವುದೇ ಒಂದು ಹಿಂಸೆ. ರಕ್ತ ಹೋಗುತ್ತಿತ್ತು. ಗಾಡಿ ಕುಕ್ಕಿದಾಗೆಲ್ಲ ನನ್ನ ಮುಂಗೈಯನ್ನು ಉಗುರು ಇಳಿಯುವಂತೆ ಹಿಡಿಯುತ್ತಿದ್ದಳು. ಕೊಳ್ಳೇಗಾಲ ಇನ್ನೂ ಎರಡು ಮೈಲಿ ಇರುವಾಗ ಹಿಡಿತ ಸಡಿಲವಾಯಿತು. ಕುಕ್ಕಾಟದಿಂದಲೇ ಸತ್ತಳೆಂದು ನಾನು ಹೇಳಲಾರೆ. ಅಲ್ಲವೆಂದೂ ಹೇಳಲಾರೆ.

ಮಾರನೆಯ ದಿನ ಆಚಾರ್ರ ಕುಲುಮೆಯ ಮುಂದೆ ಹೋಗಿ ಕೂತೆ. ಅವರು ಸುತ್ತಿಗೆ ಕೆಳಗಿಟ್ಟರು. ಟೀ ತರಿಸಿಕೊಟ್ಟು ನನ್ನ ಕೈಯ ಮೇಲಿನ ಉಗುರಿನ ಗಾಯಗಳನ್ನು ನೋಡಿದರು.

“ರಸ್ತೆ ನಮ್ ಕೈಲಿಲ್ಲ ಕಣವ್ವ. ಗಾಡಿ ಅದೆ. ಅದ್ನ ತಗ್ಸನ,” ಎಂದರು.

ಮರಳು ಮೂಟೆ ಹಾಕಿ ನೋಡಿಯಾಗಿತ್ತು; ಗಾಡಿ ಸುಮ್ಮನಾಗುವಷ್ಟು ಹಾಕಿದರೆ ಹೆಂಗಸು ಮಲಗಲು ಜಾಗವೇ ಉಳಿಯುತ್ತಿರಲಿಲ್ಲ. ಪಟ್ಟೆ ತೆಗೆಯುವುದೇ ದಾರಿ. ಆದರೆ ಎಷ್ಟು? ಆಚಾರ್ರು ಅಳತೆಪಟ್ಟಿ ಹುಡುಕಲಿಲ್ಲ. “ಬಸ್ರಿ ಎಂಗ್ ಮಲಿಕ್ಕತಳೆ ಅಂತ ಏಳವ್ವ,” ಎಂದರು. ಎಡಮಗ್ಗುಲಿಗೆ, ಮಂಡಿ ಮಡಚಿ ಎಂದೆ. ದಿಮ್ಮಿ ತೆಗೆದು, ಎರಡೂ ಕಡೆ ಒಂದೊಂದು ಪಟ್ಟೆ ಕಳಚಿ, ಆ ಮುದುಕ ಪಿಕಪ್ಪಿನ ಹಿಂದೆ ಚಾಪೆಯ ಮೇಲೆ ಎಡಮಗ್ಗುಲಿಗೆ ಹೊಟ್ಟೆ ಹಿಡಿದು ಮಲಗಿದರು. ಸಾಹುಕಾರರು ಕೆಟ್ಟ ರಸ್ತೆಯಲ್ಲಿ ಓಡಿಸಿಕೊಂಡು ಬಂದರು. ಬೀದಿಯವರೆಲ್ಲ ಬಿದ್ದು ಬಿದ್ದು ನಕ್ಕರು. “ಆಚಾರ್ರಿಗೆ ಎಷ್ಟು ತಿಂಗಳು?” ಎಂದು ಕೇಳಿದವರೂ ಉಂಟು. ಅವರು ಸೊಂಟ ಹಿಡಿದುಕೊಂಡು ಇಳಿದು, “ಇನ್ನೂ ಒದೀತದೆ. ಇನ್ನೊಂದು ತೆಗೀಬೇಕು,” ಎಂದು ಮತ್ತೆ ಕೆಳಗೆ ನುಸುಳಿದರು. ಮೂರು ಸಲ ಹೀಗೇ ಆಯಿತು. ಕೊನೆಗೆ ಗಾಡಿ ಒಂದು ಗೇಣು ತಗ್ಗಿತ್ತು. ಹೆಂಗಸರು ಒಂದು ಸ್ಟೂಲಿಟ್ಟು ಹತ್ತಬಹುದಿತ್ತು.

ಆಗ ಸಾಹುಕಾರರು ಕಿಡಿಕಿಡಿಯಾದರು. “ಪಟ್ಟೆ ತೆಗುದ್ಬುಟ್ರೆ ಸಂತೆಗೆ ನನ್ ಮೂಟೆ ಒರೋರ್ಯಾರು? ನೀವು ಒತ್ಕಂಡೋಯ್ತೀರಾ?”

“ಸಂತೆಗೆ ಮುಂಚಿನ್ ದಿನ ಆಕ್ಕೊಡ್ತೀನಿ, ಸಂತೆ ಮುಗುದ್ ಮಾರ್ನೆ ದಿನ ತೆಗೀತೀನಿ. ಆಯ್ತಾ ಸಾವ್ಕಾರ್ರೇ?”

ಸಿಟ್ಟಿನಲ್ಲಿ ಬಂದ ಮಾತೆಂದು ನಾನು ಅಂದುಕೊಂಡೆ. ಮೂರು ವರ್ಷಕ್ಕೂ ಹೆಚ್ಚು ಕಾಲ ಆ ಮುದುಕ ಅದನ್ನು ನಡೆಸಿದರು. ವಾರಕ್ಕೊಮ್ಮೆ ಹಾಕುವುದು, ವಾರಕ್ಕೊಮ್ಮೆ ತೆಗೆಯುವುದು. ಜಾಕ್ ಕೊಟ್ಟು, ತುಕ್ಕು ಹಿಡಿದ ಬೋಲ್ಟುಗಳ ಜೊತೆ ಗುದ್ದಾಡಿ, ಕಬ್ಬಿಣದ ಪಟ್ಟೆಗಳನ್ನು ಎದೆಯ ಮೇಲಿಟ್ಟುಕೊಂಡು ಏದುಸಿರು ಬಿಡುವುದು. ಪ್ರತಿ ಸಲ ಕೆಳಗೆ ನುಸುಳುವ ಮುಂಚೆ ಅದೇ ಮಾತು: “ಇದೇ ಕಡೇ ವಾರ ಕಣವ್ವ. ಇನ್ ನನ್ ಕೈಲಾಗಕಿಲ್ಲ.” ನಾನು “ಆಗಲಿ” ಎನ್ನುತ್ತಿದ್ದೆ. ಮುಂದಿನ ವಾರ ಮತ್ತೆ ಅವರ ಕಾಲುಗಳು ಗಾಡಿಯ ಕೆಳಗಿನಿಂದ ಹೊರಚಾಚಿರುತ್ತಿದ್ದವು. ಕೆಲವು ಸಲ ಸದ್ದೇ ಇರುತ್ತಿರಲಿಲ್ಲ. ಬಗ್ಗಿ ನೋಡಿದರೆ ಸ್ಪ್ಯಾನರ್ ಕೈಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿರುತ್ತಿದ್ದರು. ನಾನೂ ರಾತ್ರಿಯೆಲ್ಲ ಹೆರಿಗೆ ನೋಡಿ ಬಂದವಳು. ಎಬ್ಬಿಸದೆ ಜಗುಲಿಗೆ ಒರಗುತ್ತಿದ್ದೆ. ಹೀಗೆ ಇಬ್ಬರೂ ತೂಕಡಿಸುವುದನ್ನು ಸಾಹುಕಾರರು ಒಮ್ಮೆ ನೋಡಿ, “ಊರ್ ಕಾಯೋರ್ ನೋಡ್ರಪ್ಪ,” ಎಂದು ಬೈದು ಹೋದರು.

ಒಂದು ವಾರ ಸಂತೆಯ ಮುಂಚಿನ ದಿನ ಪಟ್ಟೆ ಹಾಕಿ ಮುಗಿಸಿದರು. ರಾಗಿ ತುಂಬಿ ಹಗ್ಗ ಕಟ್ಟುತ್ತಿದ್ದಂತೆ ಆಚಾರ್ರು ಎದೆ ಹಿಡಿದುಕೊಂಡು ಕುಸಿದರು. ನಾಡಿ ಹಿಡಿದೆ, ತಪ್ಪಿ ತಪ್ಪಿ ಬಡಿಯುತ್ತಿತ್ತು. ಕೊಳ್ಳೇಗಾಲಕ್ಕೆ ಒಯ್ಯಬೇಕು, ಈಗಲೇ. ಸಾಹುಕಾರರು ಹಗ್ಗ ಬಿಚ್ಚಿ ಮೂಟೆ ಇಳಿಸಹೊರಟರು.

“ಇಳುಸ್ಬ್ಯಾಡಿ ಸಾವ್ಕಾರ್ರೇ,” ಆಚಾರ್ರು ಮೆಲ್ಲಗೆ ಹೇಳಿದರು. “ಪಟ್ಟೆ ಪೂರಾ ಅವೆ. ಭಾರ ಇದ್ರೇನೇ ಮೆತ್ಗೆ ಓಯ್ತದೆ. ನಾನೂ ಒಂದ್ ಮೂಟೆ ಅನ್ಕಳಿ.”

ಮೂಟೆಗಳ ಮೇಲೆಯೇ ಚಾಪೆ ಹಾಸಿ ಮಲಗಿಸಿದೆವು. ನಾನು ಪಕ್ಕದಲ್ಲಿ ಹಗ್ಗ ಹಿಡಿದು ಕೂತೆ. ದಾರಿಯುದ್ದಕ್ಕೂ ಅವರು ಕಣ್ಣು ಬಿಡಲಿಲ್ಲ, ಕಿವಿ ಮಾತ್ರ ಕೆಳಗಿತ್ತು. “ಬಲ್ಗಡೆ ಪಟ್ಟೆ ಕಿರ್ರಂತದೆ. ಎಣ್ಣೆ ಬುಡ್ಬೇಕು,” ಎಂದರು. ನೀವೇ ವಾಪಸು ಬಂದು ಎಣ್ಣೆ ಬಿಡುವಿರಂತೆ ಎಂದೆ. ಸ್ವಲ್ಪ ಹೊತ್ತು ಬಿಟ್ಟು, “ಇದೇ ಕಡೇ ವಾರ ಕಣವ್ವ,” ಎಂದರು. ಈ ಸಲ “ಆಗಲಿ” ಎನ್ನದೆ ಅವರ ಕೈ ಹಿಡಿದುಕೊಂಡೆ. ಮೂರನೆಯ ದಿನ ಬೆಳಿಗ್ಗೆ ಆಸ್ಪತ್ರೆಯಲ್ಲೇ ಹೋದರು. ಎಷ್ಟೋ ಸಾವು ನೋಡಿದ್ದೆ. ಅಂದು ಮಾತ್ರ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಜೋರಾಗಿ ಅತ್ತೆ.

ಪಿಕಪ್ ಎತ್ತರವಾಗಿಯೇ ಉಳಿಯಿತು. ಅವರ ತಿಥಿ ಕಳೆದ ವಾರದಲ್ಲೇ ಶಾಗ್ಯದಿಂದ ಒಬ್ಬಳನ್ನು ಎತ್ತಿನ ಗಾಡಿಯಲ್ಲಿ ತಂದರು. ಚೊಚ್ಚಲು, ಮೈಯೆಲ್ಲ ಊತ, ನೋವು ಇನ್ನೂ ಶುರುವಾಗಿರಲಿಲ್ಲ. ಎರಡು ಗಂಟೆ ಕಾಯಬಹುದಿತ್ತು, ಹೆಚ್ಚಿಲ್ಲ. ನಾನು ಆಚಾರ್ರ ಹೆಂಡತಿಯ ಹತ್ತಿರ ಸ್ಪ್ಯಾನರ್‌ಗಳನ್ನು ಇಸಿದುಕೊಂಡು ಬಂದು, ಸೀರೆ ಸಿಕ್ಕಿಸಿ, ಗಾಡಿಯ ಕೆಳಗೆ ನುಸುಳಿದೆ. ಮೂರು ವರ್ಷ ನೋಡಿದ್ದೆ, ಆದರೂ ಎಲ್ಲಿಂದ ಶುರು ಮಾಡಬೇಕೆಂದು ತೋಚಲಿಲ್ಲ. ಆಗ ಪಟ್ಟೆಗಳ ಅಂಚಿನಲ್ಲಿ ಉಳಿಯಿಂದ ಹೊಡೆದ ಗೀರುಗಳು ಕಂಡವು. ಮೊದಲು ತೆಗೆಯುವುದಕ್ಕೆ ಒಂದು, ಆಮೇಲಿನದಕ್ಕೆ ಎರಡು, ಮೂರು. ಅವರಿಗೆ ಆ ಗೀರು ಬೇಕಿರಲಿಲ್ಲ, ಕಣ್ಣು ಮುಚ್ಚಿ ಬಿಚ್ಚುತ್ತಿದ್ದರು. ಅಕ್ಷರ ಬಾರದ ಕೈ ನನಗಾಗಿ ಬರೆದಿಟ್ಟು ಹೋಗಿತ್ತು.

ಬೋಲ್ಟ್ ಮಾತ್ರ ನನ್ನ ಬಲಕ್ಕೆ ಜಗ್ಗಲಿಲ್ಲ. ಪಕ್ಕದಲ್ಲಿ ಯಾರೋ ನುಸುಳಿದ ಸದ್ದಾಯಿತು. ಬಿಳಿ ಜುಬ್ಬದ ಸಾಹುಕಾರರು.

“ಅತ್ಲಾಗ್ ಸರೀರಿ ನರ್ಸಮ್ಮ. ಯಾವ್ದು ಮೊದ್ಲು ಅಂತ ಏಳಿ.”

ಆ ಹೆಂಗಸು ಎಡಮಗ್ಗುಲಿಗೆ ಮಲಗಿ ಕೊಳ್ಳೇಗಾಲ ಮುಟ್ಟಿದಳು. ತಾಯಿಯೂ ಮಗುವೂ ಉಳಿದರು. ವಾಪಸು ಬರುವಾಗ ನಾನು, “ಸಂತೆಗೆ ಮತ್ತೆ ಪಟ್ಟೆ ಹಾಕಬೇಕಲ್ಲ, ಯಾರನ್ನು ಹುಡುಕೋಣ?” ಎಂದೆ.

ಸಾಹುಕಾರರು ಒಂದು ಗುಂಡಿ ತಪ್ಪಿಸಿ ಗೇರ್ ಬದಲಿಸಿದರು. “ಆಕೋರೇ ಒಂಟೋದ್ರಲ್ಲ. ತಗ್ಗಲೇ ಇರ್ಲಿ ಬುಡಿ. ಮೂಟೆ ಎತ್ತಿನ್ ಗಾಡೀಲಿ ಓಯ್ತವೆ.”

ಅವರು ಗಾಡಿಯಿಂದಿಳಿದು ಮನೆಯ ಕಡೆ ತಿರುಗಿದಾಗ ಜುಬ್ಬದ ಬೆನ್ನು ನೋಡಿದೆ. ಹೆಗಲಿನಿಂದ ಸೊಂಟದವರೆಗೆ ಕೆಂಪು ಮಣ್ಣು. ಕೈ ಹಿಂದಕ್ಕೆ ಚಾಚಿ ಮುಟ್ಟಿ ನೋಡಿಕೊಂಡೆ. ಅದು ನನ್ನ ಬೆನ್ನಿನ ಮೇಲೂ ಇತ್ತು.