ತಂತಿ ಕಿತ್ತ ಯಂತ್ರದ ಕೆಂಪು ದೀಪ

ದೆವ್ವ, ಶಕುನಗಳನ್ನು ನಾನು ನಂಬಿದವಳಲ್ಲ. ಯಾರಾದರೂ ಅಂಥ ಕಥೆ ಹೇಳಿದರೆ ನಿದ್ದೆಗಣ್ಣಿನ ಭ್ರಮೆ ಎಂದು ನಗುತ್ತಿದ್ದೆ. ಆದರೆ ನನಗೆ ಅನುಭವವಾದದ್ದು ಹಾಡಹಗಲಲ್ಲಿ, ಊಟ ಮುಗಿಸಿ ಕುಳಿತಿದ್ದಾಗ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಆಗ ನಾನು ಚಾಮರಾಜಪೇಟೆಯ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೆ. ಪರೀಕ್ಷೆಯ ಅಂಕಗಳನ್ನು ರಟ್ಟಿನಂಥ ಕಾರ್ಡುಗಳಲ್ಲಿ ರಂಧ್ರ ಮಾಡಿ ದಾಖಲಿಸುತ್ತಿದ್ದೆವು. ಒಬ್ಬರು ರಂಧ್ರ ಮಾಡಿದ ಮೇಲೆ ನಾನು ಅಂಕಪಟ್ಟಿ ನೋಡಿಕೊಂಡು ಅವೇ ಅಂಕಿಗಳನ್ನು ಇನ್ನೊಂದು ಯಂತ್ರದಲ್ಲಿ ಒತ್ತಿ ತಾಳೆ ನೋಡಬೇಕು. ತಪ್ಪಿದ್ದರೆ ಕೆಂಪು ದೀಪ ಹತ್ತುತ್ತಿತ್ತು. ಸರಿಯಿದ್ದರೆ ಕಾರ್ಡಿನ ಅಂಚಿನಲ್ಲಿ ಸಣ್ಣ ಕಚ್ಚು ಬೀಳುತ್ತಿತ್ತು.

ಆ ವರ್ಷ ಪಕ್ಕದ ಕೋಣೆಗೆ ದೊಡ್ಡ ಕಂಪ್ಯೂಟರ್ ಬಂತು. ಕಾರ್ಡುಗಳಲ್ಲಿದ್ದುದನ್ನೆಲ್ಲ ಓದಿಕೊಂಡಿತು. ಸೋಮವಾರ ಫಲಿತಾಂಶ ಮುದ್ರಣ. ಅದೇ ದಿನ ನಮ್ಮ ಯಂತ್ರಗಳೂ ಕಾರ್ಡುಗಳೂ ಗುಜರಿಗೆ. ನನ್ನ ಕೆಲಸದ ಗತಿಯೇನೆಂದು ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಕೂರಲಾಗದೆ, ಡ್ರಾಯರ್ ಖಾಲಿ ಮಾಡುವ ನೆಪದಲ್ಲಿ ಭಾನುವಾರ ಹೋದೆ.

ಎಲೆಕ್ಟ್ರಿಷಿಯನ್ ಮರಿಯಪ್ಪ ಅಂಗಳದಲ್ಲಿ ವೈರು ಸುತ್ತುತ್ತಿದ್ದ. ನಾನು ನನ್ನ ಯಂತ್ರದ ಮುಂದೆ ಕುಳಿತು, ಕಟ್ಟಿನಿಂದ ಒಂದು ಕಾರ್ಡು ಎಳೆದು ಇಟ್ಟೆ. ಅದರ ಅಂಕಪಟ್ಟಿ ತೆರೆದು, ಸುಮ್ಮನೆ ಬೆರಳಾಡಿಸಿದೆ. ಕರೆಂಟಿಲ್ಲದ ಸತ್ತ ಕೀಲಿಗಳು. ಗಣಿತದ ಅಂಕ ಒತ್ತಿದೆ. ಕೆಂಪು ದೀಪ ಹತ್ತಿತು.

ಕೈ ಹಿಂದೆಳೆದುಕೊಂಡೆ. ದೀಪ ಆರಲಿಲ್ಲ. ಹೊರಗೆ ಓಡಿದೆ.

"ಮರಿಯಪ್ಪ, ನನ್ನ ಮಷಿನ್‌ಗೆ ಕರೆಂಟ್ ಇದೆಯೇನಪ್ಪಾ?"

"ಎಲ್ಲಿಂದ ಬರುತ್ತೆ ಮೇಡಂ? ನಿನ್ನೇನೇ ಕಿತ್ತಾಕ್ದೆ. ಇದೇ ನೋಡಿ ಅದ್ರ ವೈರು."

ಅವನನ್ನು ಕರೆತರುವಷ್ಟರಲ್ಲಿ ದೀಪ ಆರಿತ್ತು. ಅವನು ನನ್ನ ಮುಖ ನೋಡಿ, ವೈರು ಸುತ್ತಲು ಮರಳಿದ. ನಾನು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಪಟ್ಟಿಯಲ್ಲಿ ಎಂಬತ್ತಮೂರು. ಕಾರ್ಡಿನಲ್ಲಿ ಮೂವತ್ತಮೂರು. ಮೂವತ್ತೈದಾದರೆ ಪಾಸು. ಆದರೂ ಅಂಚಿನಲ್ಲಿ ಸರಿಯೆಂಬ ಕಚ್ಚು ಇತ್ತು. ಆ ಕಟ್ಟನ್ನು ತಾಳೆ ನೋಡಿದವಳು ನಾನೇ. ಮೇಲಿನ ಚೀಟಿಯಲ್ಲಿ ನನ್ನ ಸಹಿಯಿತ್ತು.

ನಮ್ಮ ಮೇಲಧಿಕಾರಿ ಸದಾಶಿವಯ್ಯನವರ ಮನೆ ಎನ್.ಆರ್. ಕಾಲೋನಿಯಲ್ಲಿ. ಕಾರ್ಡು, ಪಟ್ಟಿ ಹಿಡಿದು ಬಿರಬಿರನೆ ನಡೆದೆ. ಅವರು ಎರಡನ್ನೂ ನೋಡಿದರು.

"ನೀವೇ ಚೆಕ್ ಮಾಡಿದ್ದಲ್ವೇನಮ್ಮ?"

"ಹೌದು ಸರ್. ನನ್ನ ತಪ್ಪೇ." ದೀಪದ ಸಂಗತಿಯನ್ನೂ ಹೇಳಿದೆ.

ಅವರು ಕಾರ್ಡನ್ನು ಪಟ್ಟಿಯೊಳಗಿಟ್ಟು, "ಅದನ್ನ ಆಫೀಸಲ್ಲಿ ಹೇಳ್ಬೇಡಿ. ಹುಚ್ಚು ಅಂದ್ಕೋತಾರೆ. ಬೆಳಿಗ್ಗೆ ಪ್ರಿಂಟ್ ಆಗೋಕ್ ಮುಂಚೆ ಸರಿ ಮಾಡಿಸ್ತೀನಿ," ಎಂದರು. ಮಾಡಿಸಿದರು ಕೂಡ. ಆ ವಿದ್ಯಾರ್ಥಿ ಯಾರೋ ತಿಳಿಯದು. ನಮಗೆ ಬರುತ್ತಿದ್ದದ್ದು ನೋಂದಣಿ ಸಂಖ್ಯೆ ಮಾತ್ರ.

ಅವರ ಮನೆಯಿಂದ ನೇರ ಕಚೇರಿಗೆ ಮರಳಿ ಕತ್ತಲಾಗುವವರೆಗೂ ಅದೇ ಯಂತ್ರದಲ್ಲಿ ಒಂದಾದ ಮೇಲೊಂದು ಕಾರ್ಡು ಇಟ್ಟು ಕೀಲಿ ಒತ್ತಿದೆ. ದೀಪ ಮತ್ತೆ ಹತ್ತಲಿಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಬಹುದಿತ್ತೆಂದು ಆಗ ಹೊಳೆಯಲೇ ಇಲ್ಲ. ಸೋಮವಾರ ಲಾರಿ ಬಂದು ಎಲ್ಲವನ್ನೂ ಒಯ್ದಿತು.

ಆ ದೀಪ ಹೇಗೆ ಹತ್ತಿತೆಂದು ಇಂದಿಗೂ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ ಕಾಡುವುದು ಇನ್ನೊಂದು: ಉಳಿದ ಕಾರ್ಡುಗಳಿಗೆ ಅದು ಹತ್ತದೇ ಇದ್ದದ್ದು, ತಪ್ಪಿಲ್ಲವೆಂದೋ, ಕರೆಂಟಿಲ್ಲವೆಂದೋ?